ಅಡಿಕೆಗೆ ಆರು ಹೆಸರು, ಸಿನಿಮಾಕ್ಕೆ ಎರಡೇ

"ಹೆಂಗಿತ್ತಾ ಸಿನಿಮಾ?"

"ಬೆಂಕಿ ಮಾರಾಯ."

"ಕತೆ ಎಂಥದು?"

"ಕತೆಗಿತೆ ಎಲ್ಲ ಕೇಳಬ್ಯಾಡ. ಬೆಂಕಿ ಅಂದ್ರೆ ಬೆಂಕಿ."

ಆನಂದಪುರದ ಚಹಾದಂಗಡಿಯ ಬೆಂಚಿನ ಮೇಲೆ ಒಂದು ಚಲನಚಿತ್ರದ ವಿಮರ್ಶೆ ಇಷ್ಟಕ್ಕೆ ಮುಗಿಯುತ್ತದೆ. ಎರಡೂವರೆ ಗಂಟೆಯ ಸಿನಿಮಾ, ನೂರಾರು ಜನರ ದುಡಿಮೆ, ಕೋಟಿಗಟ್ಟಲೆ ಸಾಲ. ತೀರ್ಪು ಮೂರು ಅಕ್ಷರವೂ ಇಲ್ಲ. ಮಳೆಗಾಲದಲ್ಲಿ ಇದೇ ಬೆಂಚಿನವರು ಒದ್ದೆ ಸೌದೆ ಯಾಕೆ ಹತ್ತುವುದಿಲ್ಲ ಎಂಬ ಬಗ್ಗೆ ಇದರ ನಾಲ್ಕು ಪಟ್ಟು ಮಾತಾಡುತ್ತಾರೆ.

ಹಾಗಂತ ನಮ್ಮ ಕಡೆಯವರಿಗೆ ಗುಣ ಅಳೆಯಲು ಬರುವುದಿಲ್ಲ ಎಂದುಕೊಳ್ಳಬೇಡಿ. ಸಾಗರದ ಮಾರುಕಟ್ಟೆಯ ಅಡಿಕೆ ಧಾರಣೆ ನೋಡಿ: ರಾಶಿ, ಚಾಲಿ, ಕೋಕ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು. ಶಿವಮೊಗ್ಗಕ್ಕೆ ಹೋದರೆ ಸರಕು, ಬೆಟ್ಟೆ, ಗೊರಬಲು. ಒಂದೇ ಮರದ ಅಡಿಕೆ ಎಳೆಯದಿದ್ದಾಗ ಕೊಯ್ದು ಬೇಯಿಸಿದರೆ ಒಂದು ಹೆಸರು, ಹಣ್ಣಾಗಿ ಒಣಗಿದರೆ ಇನ್ನೊಂದು. ನಮ್ಮವರು ಒಂದು ಅಡಿಕೆಯನ್ನು ಬೆರಳಲ್ಲಿ ತಿರುಗಿಸಿ, ಕಚ್ಚಿ ನೋಡಿ, ಬಣ್ಣ ಯಾಕೆ ಮಂಕಾಯಿತು, ಬೇಯಿಸುವಾಗ ಚೊಗರು ಎಷ್ಟು ಹಾಕಿದ್ದರು ಎಂದು ಜಾತಕ ಹೇಳಬಲ್ಲರು. ಮಂಡಿಯಲ್ಲಿ ಯಾರಾದರೂ ಇಡೀ ಚೀಲಕ್ಕೆ "ಬೆಂಕಿ" ಎಂದು ಗ್ರೇಡ್ ಬರೆದರೆ ಅವನಿಗೇ ಬೆಂಕಿ ಬೀಳುತ್ತದೆ.

ಅದೇ ಮನುಷ್ಯ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಿ ಸಿನಿಮಾ ನೋಡಿ ಬಂದನೆನ್ನಿ. ಅವನ ಕೈಯಲ್ಲಿ ಇರುವುದು ಎರಡೇ ಚೀಲ: ಒಂದು ಬೆಂಕಿ, ಇನ್ನೊಂದು ಡಬ್ಬಾ. ಎರಡರ ನಡುವೆ ಸಿಕ್ಕಿಬಿದ್ದವರಿಗೆ ನಮ್ಮ ಮಲೆನಾಡಿನ ಮಹಾಪದ ಒಂದಿದೆ: ಅಡ್ಡಿಲ್ಲ. ಹೆಣ್ಣು ನೋಡಿ ಬಂದವನೂ ಅಡ್ಡಿಲ್ಲ ಅನ್ನುತ್ತಾನೆ, ಮದುವೆಮನೆಯ ಪಾಯಸವೂ ಅಡ್ಡಿಲ್ಲ, ಆಸ್ಪತ್ರೆಯಲ್ಲಿರುವ ಮಾವನೂ ಅಡ್ಡಿಲ್ಲ. ಈ ಮೂರರಲ್ಲಿ ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಕೇಳಿದವನೇ ಅರ್ಥ ಮಾಡಿಕೊಳ್ಳಬೇಕು.

ಸ್ವಲ್ಪ ಓದಿಕೊಂಡ ವಿಮರ್ಶಕರ ಬಳಿ ಇನ್ನೊಂದಿಷ್ಟು ಸಾಮಾನಿದೆ. "ಕ್ಯಾಮೆರಾ ವರ್ಕ್ ಸೂಪರ್." "ಬಿಜಿಎಂ ಇನ್ನೊಂದು ಲೆವೆಲ್ಲು." "ಒಂದು ಸಲ ನೋಡಬಹುದು." ಎಲ್ಲಕ್ಕಿಂತ ಭದ್ರವಾದದ್ದು: "ಫಸ್ಟ್ ಹಾಫ್ ಸ್ಪೀಡು, ಸೆಕೆಂಡ್ ಹಾಫ್ ಲ್ಯಾಗು." ಈ ಮಾತಿಗೆ ಇವತ್ತಿನವರೆಗೆ ಯಾರೂ ಎದುರಾಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ನಾನೇ ವಿರಾಮದಲ್ಲಿ ಎರಡು ಬೋಂಡಾ ತಿಂದು ಒಳಗೆ ಹೋದವನು, ದೀಪ ಹತ್ತಿದಾಗಲೇ ಎದ್ದದ್ದು. ಮರುದಿನ ಬೆಂಚಿನ ಮೇಲೆ ಕೂತು ಗಂಭೀರವಾಗಿ, "ಸೆಕೆಂಡ್ ಹಾಫ್ ಲ್ಯಾಗು" ಎಂದೆ. ಮೂವರು ತಲೆಯಾಡಿಸಿದರು. ಅವರೂ ಬೋಂಡಾ ತಿಂದಿದ್ದರೋ ಏನೋ.

ನಿದ್ದೆ ಮಾಡಿ ಹೇಳುವವನಾದರೂ ಟಿಕೆಟ್ಟಿನ ದುಡ್ಡು ಕೊಟ್ಟಿರುತ್ತಾನೆ. ನೋಡದೇ ಹೇಳುವವನ ಆತ್ಮವಿಶ್ವಾಸವೇ ಬೇರೆ. ಟೀಸರ್ ಬಂದ ದಿನ ಅವನ ಮೊದಲ ತೀರ್ಪು, ಟ್ರೇಲರ್ ಬಂದ ದಿನ ಮೇಲ್ಮನವಿ, ಬಿಡುಗಡೆಯ ಬೆಳಿಗ್ಗೆ ಅಂತಿಮ ಆದೇಶ. "ನೋಡಿದ್ಯೇನಾ?" ಎಂದು ಕೇಳಿದರೆ, "ಅದನ್ನ ನೋಡಬೇಕೇನಾ?" ಎನ್ನುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ಸರ್ಕಾರ ನಿಯಮ ತಂದಿತು, ಕೆಲವೇ ದಿನಗಳಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ನಮ್ಮವನಿಗೆ ನಿಯಮದಿಂದ ಲಾಭವಿರಲಿಲ್ಲ, ತಡೆಯಿಂದ ನಷ್ಟವೂ ಆಗಲಿಲ್ಲ.

ಇನ್ನೊಬ್ಬನಿದ್ದಾನೆ, ಕಲೆಕ್ಷನ್ ಪಂಡಿತ. ಅಡಿಕೆ ಮಾರಿದ ದುಡ್ಡು ಸೊಸೈಟಿಯಲ್ಲಿ ಎಷ್ಟು ಉಳಿದಿದೆ ಎಂದು ಹೆಂಡತಿ ಕೇಳಿದರೆ "ನೋಡಬೇಕು" ಎನ್ನುವವನು, 2022ರ ಏಪ್ರಿಲ್ 14ರಂದು ತೆರೆಕಂಡ ಕೆಜಿಎಫ್ ಎರಡನೇ ಭಾಗ ಸಾವಿರ ಕೋಟಿ ದಾಟಿದ್ದನ್ನು ತನ್ನ ಮನೆಯ ಕಪಾಟಿನಲ್ಲೇ ಎಣಿಸಿಟ್ಟವನ ಹಾಗೆ ವಿವರಿಸುತ್ತಾನೆ. ಹಿಂದಿಯಲ್ಲಿ ಎಷ್ಟು, ತೆಲುಗಿನಲ್ಲಿ ಎಷ್ಟು, ಹೊರದೇಶದಲ್ಲಿ ಎಷ್ಟು. ಆ ಸಾವಿರ ಕೋಟಿಯಲ್ಲಿ ಇವನ ಪಾಲೂ ಇದೆ: ಟಿಕೆಟ್ಟು, ಪಾಪ್‌ಕಾರ್ನು, ಬಸ್ ಚಾರ್ಜು. ಕೊಟ್ಟ ಪಾಲು, ಬಂದ ಪಾಲಲ್ಲ.

ಕೆಜಿಎಫ್ ಎಂದಾಗ ನಮ್ಮೂರಿನವರು ಒಂದು ವಿಷಯದಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡುವುದು ಒಳ್ಳೆಯದು. ಊರಿನ ಮಗ್ಗುಲಲ್ಲೇ ಚಂಪಕ ಸರಸು ಇದೆ. ಕೆಳದಿಯ ವೆಂಕಟಪ್ಪ ನಾಯಕ ತನ್ನ ಪ್ರೀತಿಯ ಚಂಪಕಾಳ ನೆನಪಿಗೆ ಕಟ್ಟಿಸಿದ್ದೆಂದು ಜನ ಹೇಳುವ, ಕಲ್ಲಿನ ಮೆಟ್ಟಿಲುಗಳ ಚೆಂದದ ಕೊಳ. ಹೂಳು ತುಂಬಿ, ಗಿಡಗಂಟಿ ಬೆಳೆದು ಹಾಳುಬಿದ್ದಿದ್ದ ಅದಕ್ಕೆ ಮತ್ತೆ ಜೀವ ಬಂದದ್ದು ಅದೇ ಕೆಜಿಎಫ್‌ನ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆಯಿಂದ. ತೆರೆಯ ಮೇಲೆ ಚಿನ್ನ ಅಗೆಯುವವರು ನಮ್ಮೂರಿಗೆ ಬಂದು ಹೂಳು ತೆಗೆಸಿದರು. ಅಷ್ಟು ವರ್ಷ ದಂಡೆಯ ಮೇಲೆ ಕೂತ ನಾವು ಅವರ ಸಿನಿಮಾದ ಸೆಕೆಂಡ್ ಹಾಫಿನ ಹೂಳು ತೆಗೆಯುತ್ತಿದ್ದೆವು.

ಬೆಂಚಿನ ತುದಿಯಲ್ಲಿ ಒಬ್ಬರು ಮಾಸ್ಟ್ರು ಕೂರುತ್ತಾರೆ. ಯಾವ ಸಿನಿಮಾ ಬಂದರೂ ಅವರದ್ದು ಒಂದೇ ಮಾತು: "ಕಾದಂಬರಿಯಷ್ಟು ಇಲ್ಲ." ಕಾದಂಬರಿಯೇ ಇಲ್ಲದ ಸಿನಿಮಾಕ್ಕೂ ಹಾಗೇ ಅನ್ನುತ್ತಾರೆ. ಅವರ ಗುರು ತರಾಸು. 1972ರಲ್ಲಿ ಪುಟ್ಟಣ್ಣ ಕಣಗಾಲರು ತರಾಸು ಕಾದಂಬರಿಗಳನ್ನು ಹಿಡಿದು "ನಾಗರಹಾವು" ತೆಗೆದಾಗ, ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತರಾಸು ಸಿಟ್ಟಾದರೆಂಬ ಮಾತು ಇವತ್ತಿಗೂ ಓಡಾಡುತ್ತದೆ. ಕನ್ನಡದ ಅತಿ ಚಿಕ್ಕ ಸಿನಿಮಾ ವಿಮರ್ಶೆ ಅದೇ ಇರಬೇಕು. ಜನ ಆ ಕೇರೆಹಾವನ್ನೇ ಹೊತ್ತು ಮೆರೆಸಿದರು, ಅದು ಬೇರೆ ವಿಷಯ. ಆದರೆ ಮಾಸ್ಟ್ರು ಮರೆಯುವುದು ಒಂದಿದೆ: ಆ ಒಂದೇ ಪದವನ್ನು ಆಡುವ ಮೊದಲು ತರಾಸು ಮೂರು ಕಾದಂಬರಿ ಬರೆದಿದ್ದರು. ನಾವು ಮೂರು ಕಪ್ ಚಹಾ ಕುಡಿದಿರುತ್ತೇವೆ.

ಇದೆಲ್ಲ ಯಾವ ಸೀಮೆಯಲ್ಲಿ ನಡೆಯುತ್ತಿದೆ ಎಂಬುದನ್ನು ನೆನೆದರೆ ನಗು ಬರುತ್ತದೆ. ಸಾಗರದ ಆಚೆ ಹೆಗ್ಗೋಡು. ಅಲ್ಲಿ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿತು. ಕೆ.ವಿ. ಸುಬ್ಬಣ್ಣ ಎಂಬ ಅಡಿಕೆ ತೋಟದ ಮನುಷ್ಯ ಜಗತ್ತಿನ ಸಿನಿಮಾಗಳ ರೀಲು ತರಿಸಿ, ಕೊಟ್ಟಿಗೆ ಕೆಲಸ ಮುಗಿಸಿ ಬಂದವರ ಮುಂದೆ ತೆರೆ ಬಿಟ್ಟರು. ಸಿನಿಮಾವನ್ನು ನೋಡುವುದೂ ಕಲಿಯಬೇಕಾದ ವಿದ್ಯೆ ಎಂದು ರಸಗ್ರಹಣ ಶಿಬಿರ ನಡೆಸಿದರು. ಕುರೊಸಾವಾ, ಸತ್ಯಜಿತ್ ರೇ ಹೆಸರು ಬಾಯಲ್ಲಿ ತಿರುಗದವರೂ ಅವರ ಚಿತ್ರ ನೋಡಿ ಮಾತಾಡಿದರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. "ರಾಶೋಮನ್" ಅಂದರೆ ಎಂಥದು? ಒಂದೇ ಘಟನೆ, ನಾಲ್ಕು ಬಾಯಿ, ನಾಲ್ಕು ಕತೆ. ಬೇಲಿ ತಕರಾರಿಗೆ ಪಂಚಾಯಿತಿ ಸೇರಿದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆ ತಲೆಮಾರಿನ ಮೊಮ್ಮಕ್ಕಳು ನಾವು. ನಮಗೆ ಈಗ ಜಗತ್ತಿನ ಎಲ್ಲ ಸಿನಿಮಾವೂ ಕಿಸೆಯಲ್ಲೇ ಸಿಗುತ್ತದೆ. ಪೂರ್ತಿ ನೋಡಲು ಪುರುಸೊತ್ತಿಲ್ಲದೆ, ಹತ್ತು ನಿಮಿಷದಲ್ಲಿ ಕತೆ ಹೇಳಿ ಮುಗಿಸುವ ಯೂಟ್ಯೂಬ್ ವಿಡಿಯೋ ನೋಡುತ್ತೇವೆ. ಅದನ್ನೂ ಓಡಿಸಿ ನೋಡುತ್ತೇವೆ.

ರೈಲಿನಲ್ಲಿ ಶಿವಮೊಗ್ಗದ ಕಡೆ ಹೊರಟರೆ ದಾರಿಯಲ್ಲೇ ಅರಸಾಳು. ಹೊಸನಗರ ತಾಲ್ಲೂಕಿನ ಆ ಪುಟ್ಟ ಸ್ಟೇಷನ್ನೇ ಶಂಕರ್‌ನಾಗ್ ಅವರ "ಮಾಲ್ಗುಡಿ ಡೇಸ್"ನ ರೈಲು ನಿಲ್ದಾಣ. 2020ರಲ್ಲಿ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಅಲ್ಲಿಗೆ ಹೋದವರ ವಿಮರ್ಶೆಯನ್ನೂ ಕೇಳಿದ್ದೇನೆ: "ಅಡ್ಡಿಲ್ಲ, ಫೋಟೋ ಚೆಂದ ಬರ್ತದೆ."

ಬೆಂಚಿನ ಶಕ್ತಿ ಸಣ್ಣದೆಂದು ಮಾತ್ರ ಯಾರೂ ಭಾವಿಸಬಾರದು. 2025ರ ಜುಲೈನಲ್ಲಿ "ಸು ಫ್ರಮ್ ಸೋ" ಬಂದಾಗ ಅದರಲ್ಲಿ ಕಟೌಟು ನಿಲ್ಲಿಸುವಂಥ ಹೀರೋ ಇರಲಿಲ್ಲ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಅದು ಗೆದ್ದಿತು. 2014ರಲ್ಲಿ "ಉಳಿದವರು ಕಂಡಂತೆ" ಬಂದಾಗ ಇದೇ ಬಾಯಿಗಳು ಸುಮ್ಮನಿದ್ದವು, ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಈಗ ಅದಕ್ಕೆ ಕಲ್ಟ್ ಎಂಬ ಬಿರುದು. ಇವತ್ತು ನಮ್ಮ ಬೆಂಚಿನಲ್ಲಿ ವಿಚಾರಿಸಿದರೆ ಎಲ್ಲರೂ ಅದನ್ನು ಮೊದಲ ವಾರವೇ ನೋಡಿದವರು. ಅಷ್ಟು ಜನ ಆಗಲೇ ನೋಡಿದ್ದರೆ ಆ ಚಿತ್ರ ಸೋಲುತ್ತಿದ್ದದ್ದಾದರೂ ಹೇಗೆ?

ನನ್ನನ್ನು ನಿಜವಾಗಿ ಕಾಡಿದ್ದು "ಕಾಂತಾರ". 2022ರ ಸೆಪ್ಟೆಂಬರ್ 30ಕ್ಕೆ ಬಂತು. ನಮ್ಮ ಬೆಂಚು ಖಾಲಿ, ಎಲ್ಲರೂ ಥಿಯೇಟರಿನಲ್ಲಿ. ವಾಪಸು ಬಂದವರ ಬಾಯಲ್ಲಿ ಕೊನೆಯ ಇಪ್ಪತ್ತು ನಿಮಿಷ ಬಿಟ್ಟರೆ ಬೇರೆ ಮಾತಿಲ್ಲ. ಮೈ ಜುಂ ಅಂದಿತು, ಕಣ್ಣು ತುಂಬಿತು, ಆ ಕೂಗು ಇನ್ನೂ ಕಿವಿಯಲ್ಲಿದೆ. ಎಲ್ಲ ಸರಿ. ಆ ಇಪ್ಪತ್ತು ನಿಮಿಷಕ್ಕೆ ಮೊದಲು ಎರಡು ಗಂಟೆ ಸಿನಿಮಾ ಇತ್ತಲ್ಲ? ಅದರಲ್ಲಿ ಅರಣ್ಯ ಇಲಾಖೆಯವರು ಬಂದು ಗಡಿ ಗುರುತು ಹಾಕುತ್ತಾರೆ, ಇದು ಕಾಡು, ನಿಮ್ಮದಲ್ಲ ಎನ್ನುತ್ತಾರೆ. ಊರಿನವರು ತಲೆತಲಾಂತರದಿಂದ ಇಲ್ಲೇ ಇದ್ದೇವೆ ಎನ್ನುತ್ತಾರೆ. ನಡುವೆ ದೊಡ್ಡಮನೆಯವನು ಇಬ್ಬರಿಗೂ ಬೇಕಾದವನಾಗಿ ಕೂತಿರುತ್ತಾನೆ. ಬೆಂಚಿನ ಮೇಲಿದ್ದ ಐವರಲ್ಲಿ ಮೂವರು ಬಗರ್‌ಹುಕುಂ ಅರ್ಜಿಯ ಹಿಂಬರಹವನ್ನು ಅಂಗಿಯ ಕಿಸೆಯಲ್ಲೇ ಮಡಚಿಟ್ಟುಕೊಂಡಿದ್ದವರು. ಆ ಎರಡು ಗಂಟೆಯ ಬಗ್ಗೆ ಅವರ ಅಭಿಪ್ರಾಯ ಕೇಳಿದೆ.

"ಫಸ್ಟ್ ಹಾಫ್ ಅಡ್ಡಿಲ್ಲ" ಎಂದರು.

ನಮ್ಮ ಮನೆಯ ಕತೆಯನ್ನೇ ದೊಡ್ಡ ತೆರೆಯ ಮೇಲೆ ತೋರಿಸಿದರೂ ಗುರುತು ಸಿಗದಷ್ಟು ನಾವು ಸಿನಿಮಾ ಪ್ರೇಮಿಗಳಾಗಿದ್ದೇವೆ.

ಮೊನ್ನೆ ಜಡಿಮಳೆ. ಬಸ್ಸು ತಡ. ಬೆಂಚಿನಲ್ಲಿ ಮೊಬೈಲ್ ಅಂಗಡಿಯ ಹುಡುಗ, ಮಾಸ್ಟ್ರು, ನಾನು. ಮೂಲೆಯಲ್ಲಿ ಕಂಬಳಿಕೊಪ್ಪೆ ಮಡಚಿಟ್ಟುಕೊಂಡು ಒಬ್ಬ ಅಜ್ಜ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದು ನಿಂತಾಗ ಶರಾವತಿಯ ನೀರಿಗೆ ಊರು ಬಿಟ್ಟುಕೊಟ್ಟು ಈ ಕಡೆ ಬಂದ ಮನೆತನದವರು. ನಾವು ಅವರನ್ನು ಮುಳುಗಡೆ ಅಜ್ಜ ಎಂದೇ ಕರೆಯುವುದು. ಸಿನಿಮಾ ಮಾತಿಗೆ ಅವರು ಬಾಯಿ ಹಾಕಿದ್ದೇ ಇಲ್ಲ.

ಹುಡುಗ ಹಿಂದಿನ ರಾತ್ರಿ "ದ್ವೀಪ" ನೋಡಿದ್ದನಂತೆ. ಮಾಸ್ಟ್ರ ಮುಖ ಅರಳಿತು. ಕತೆ ಸಾಗರದ ನಾ. ಡಿಸೋಜರದ್ದು, ನಿರ್ದೇಶನ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿಯವರದ್ದು, ಸೌಂದರ್ಯ ತಾವೇ ದುಡ್ಡು ಹಾಕಿ ನಟಿಸಿದ್ದು, ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅಭ್ಯಾಸ ಬಲ, ಕೊನೆಗೆ ಸೇರಿಸಿದರು: "ಆದ್ರೂ ಕಾದಂಬರಿಯಷ್ಟು ಇಲ್ಲ."

"ಅದೆಲ್ಲ ಇರ್ಲಿ ಮಾಸ್ಟ್ರೆ. ಫೋಟೋಗ್ರಫಿ ಬೆಂಕಿ" ಎಂದ ಹುಡುಗ. "ಆದ್ರೆ ಸೆಕೆಂಡ್ ಹಾಫ್ ಲ್ಯಾಗು. ಬರೀ ನೀರೇ ನೀರು."

ಮೂಲೆಯಿಂದ ದನಿ ಬಂತು. "ಎಂಥ ಕತೆ ಮಗ ಅದು?"

ಹುಡುಗ ಹೇಳಿದ. ಅಣೆಕಟ್ಟು ಕಟ್ಟುತ್ತಾರೆ, ನೀರು ಏರುತ್ತದೆ, ಊರಿನವರೆಲ್ಲ ಹೋಗುತ್ತಾರೆ, ಒಂದು ಮನೆ ಮಾತ್ರ ಗುಡ್ಡದ ಮೇಲೆ ಉಳಿಯುತ್ತದೆ, ಸುತ್ತಲೂ ನೀರು. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಯಾರಿಗೆ ಹೇಳುತ್ತಿದ್ದೇನೆಂದು ಆಗ ಹೊಳೆದಿರಬೇಕು.

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. ಅಡಿಕೆ ಹೋಳೊಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡರು.

"ಸರಿಯಾಗೇ ಹೇಳಿದೀಯ ಬಿಡು. ನಮ್ದೂ ಹಂಗೇ. ಫಸ್ಟ್ ಹಾಫ್ ಭಾರೀ ಸ್ಪೀಡು. ಮನೆ, ತ್ವಾಟ, ದ್ಯಾವ್ರ ಬನ, ನೋಡ್ತಾ ನೋಡ್ತಾ ಎಲ್ಲ ಹೋತು. ಈಗ ಹಕ್ಕುಪತ್ರದ್ದು ನಡೀತಾ ಐತೆ. ಸೆಕೆಂಡ್ ಹಾಫು. ಅದೇ ಸೊಲ್ಪ ಲ್ಯಾಗು. ಅರವತ್ತು ವರ್ಷ ಆತು."

ಯಾರೂ ಬೆಂಕಿ ಅನ್ನಲಿಲ್ಲ. ಮಾಸ್ಟ್ರು ಕಾದಂಬರಿಯ ಮಾತೆತ್ತಲಿಲ್ಲ. ನನಗೆ ಅಡ್ಡಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಂಚಿನ ಮೇಲೆ ಮಳೆಯ ಬಿಜಿಎಂ ಒಂದೇ.

ಅಂಗಡಿಯವನು ಕೇಳಿದ: "ಅಜ್ಜಾ, ಇನ್ನೊಂದು ಚಾ ಹಾಕ್ಲಾ?"

"ಹಾಕು ಮಾರಾಯ. ಪಿಚ್ಚರು ಮುಗಿಯಾಕೆ ಇನ್ನೂ ಟೈಮೈತೆ."