ಮೂರು ದಿನದಲ್ಲಿ ಕೃತಕ ಬುದ್ಧಿ: ದುರ್ಗ ಸೀಮೆಯ ಸಂಘಟಕರಿಗೆ ತಜ್ಞ ಸಲಹೆ

ನಾನು ವೃತ್ತಿಯಿಂದ ಸಂಪನ್ಮೂಲ ವ್ಯಕ್ತಿ. ಸಂಪನ್ಮೂಲ ಯಾವುದು ಎಂದು ಈವರೆಗೆ ಯಾರೂ ಕೇಳಿಲ್ಲ. ಪಿಎಚ್.ಡಿ. ಮಾಡುತ್ತಿರುವವರಿಗೆ ಕಂಪ್ಯೂಟರ್ ಮತ್ತು ಕೃತಕ ಬುದ್ಧಿಮತ್ತೆಯ ತರಬೇತಿ ಕೊಡಬೇಕು, ಹೇಗೆ ಶುರು ಮಾಡೋಣ ಎಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಸಂಘಟಕರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ಈ ಶಾಸ್ತ್ರದ ಮೂಲತತ್ವಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕಾರ್ಯಾಗಾರ ಮೂರು ದಿನದ್ದಿರಲಿ. ಮೊದಲ ದಿನ ಉದ್ಘಾಟನೆ, ಮೂರನೇ ದಿನ ಸಮಾರೋಪ, ನಡುವಿನ ದಿನ ಕೋಟೆ ನೋಡಲು. ಹೊರಗಿನಿಂದ ಬಂದ ತಜ್ಞರಿಗೆ ಏಳು ಸುತ್ತಿನ ಕೋಟೆ ತೋರಿಸದೆ ಕಳಿಸಿದ ಸಂಘಟಕರನ್ನು ಯಾರೂ ಕ್ಷಮಿಸುವುದಿಲ್ಲ. ಹಾಗಾದರೆ ತರಬೇತಿ ಯಾವಾಗ ಎಂದು ಕೇಳುವವರಿದ್ದಾರೆ. ಎಚ್‌ಡಿಎಂಐ ಕೇಬಲ್ ಹುಡುಕುವ ಹೊತ್ತಿನಲ್ಲಿ. ಪ್ರೊಜೆಕ್ಟರ್ ಹತ್ತುವುದರೊಳಗೆ ಮುಂದಿನ ಸಾಲಿನವರು ಅಕ್ಕಪಕ್ಕದವರ ಮೊಬೈಲ್ ನೋಡಿ ಎಷ್ಟೋ ಕಲಿತಿರುತ್ತಾರೆ. ಕರೆಂಟ್ ಹೋದರೂ ಧೃತಿಗೆಡಬೇಡಿ. ಎಲ್ಲರನ್ನೂ ಕಿಟಕಿಯ ಬಳಿ ಕರೆದು, ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳನ್ನು ತೋರಿಸಿ, ವಿದ್ಯುತ್ ಉತ್ಪಾದನೆಯ ಬಗ್ಗೆ ಮಾತಾಡಿ.

ಸ್ಲೈಡುಗಳು ಇಂಗ್ಲಿಷಿನಲ್ಲೇ ಇರಬೇಕು. ಕನ್ನಡ ಎಂ.ಎ. ಮಾಡಿದವರು ಹೆಚ್ಚಿದ್ದರಂತೂ ಇದು ಕಡ್ಡಾಯ. ಇದಕ್ಕೆ ಜಿಲ್ಲೆಯಲ್ಲೇ ಭದ್ರವಾದ ಆಧಾರವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ ಅಶೋಕನ ಶಾಸನ ಅಸಲಿಗೆ ಒಂದು ಸುತ್ತೋಲೆ. ಸುವರ್ಣಗಿರಿಯ ಮೇಲಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ಆದೇಶ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡ ತನ್ನ ಹೆಸರಿನ ಮುಂದೆ ‘ಲಿಪಿಕಾರ’ ಎಂಬ ಪದವಿಯನ್ನು ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿ ಅಕ್ಷರದಲ್ಲಿ ಕೆತ್ತಿದ. ಸುತ್ತಲಿನ ದನಗಾಹಿಗಳು ಅದನ್ನು ಓದಿ ಪ್ರಶ್ನೆ ಕೇಳಿದ ದಾಖಲೆ ಇಲ್ಲ. ಸಂಪನ್ಮೂಲ ವ್ಯಕ್ತಿ ಎಂದರೆ ಚಪಡ. ದೂರದಿಂದ ಬಂದ, ಅರ್ಥವಾಗದ ಅಕ್ಷರದಲ್ಲಿ ತನ್ನ ಪದವಿ ಬರೆದ, ಹೋದ.

ಸ್ಥಳೀಯ ಉದಾಹರಣೆ ಕೊಡುವಾಗ ಎಚ್ಚರ. ಸಿರಿಗೆರೆಯ ಹೆಸರು ಎತ್ತಲೇಬೇಡಿ. ಅಲ್ಲಿನ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ಸುಮಾರು 4,000 ಸೂತ್ರಗಳನ್ನು ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶಕ್ಕೆ ಇಳಿಸಿದವರು. ವಚನಗಳನ್ನು ಹಲವು ಭಾಷೆಗಳಲ್ಲಿ ಹುಡುಕಿ ಓದುವ ತಂತ್ರಾಂಶವೂ ಅಲ್ಲಿಂದಲೇ ಬಂತು. ವಿಷಯ ಮೊದಲು ಬರಬೇಕು, ಆಮೇಲೆ ಯಂತ್ರ ಎಂಬ ಅಪಾಯಕಾರಿ ಅಭಿಪ್ರಾಯ ಇಂಥ ಉದಾಹರಣೆಗಳಿಂದ ಹುಟ್ಟುತ್ತದೆ. ಅದು ಹಬ್ಬಿದರೆ ವ್ಯಾಕರಣ ಕಲಿಯಲು ಹತ್ತಾರು ವರ್ಷ ಬೇಕು, ಮೂರು ದಿನದ ಅನುದಾನಕ್ಕೆ ಅರ್ಜಿ ಹಾಕುವವರೇ ಇರುವುದಿಲ್ಲ.

ಇನ್ನು ತಾಂತ್ರಿಕ ಭಾಗ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದೊಡ್ಡ ದೊಡ್ಡ ಐಟಿ ತಜ್ಞರಿಗೂ ಇದು ಗೊತ್ತಿಲ್ಲ.

ನಮ್ಮ ಕಡೆ ಪ್ರಬಂಧ ಬರೆಯುವುದು ಸಂಶೋಧಕರಾದರೂ ಅದು ಕಂಪ್ಯೂಟರಿಗೆ ಇಳಿಯುವುದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿ ಹಳೆಯ ನುಡಿ ಅಕ್ಷರಶೈಲಿ ಇನ್ನೂ ರಾಜ್ಯಭಾರ ಮಾಡುತ್ತಿದೆ. ಅದರಲ್ಲಿ ಟೈಪಿಸಿದ ಕನ್ನಡ ನಮ್ಮ ಕಣ್ಣಿಗಷ್ಟೇ ಕನ್ನಡ. ಕಡತದ ಒಳಗೆ ಇರುವುದು ರೋಮನ್ ಅಕ್ಷರಗಳ ಮತ್ತು ತಲೆಯ ಮೇಲೆ ಚುಕ್ಕೆ, ಟೋಪಿ ಹೊತ್ತ ಗುರುತುಗಳ ಸಂತೆ. ಫಾಂಟ್ ಎಂಬ ಬಣ್ಣ ಬಳಿದಾಗ ಮಾತ್ರ ಅದು ‘ಮದಕರಿ’ ಎಂದು ಕಾಣುತ್ತದೆ. ಯೂನಿಕೋಡ್ ಅಲ್ಲದ ಈ ಕಡತವನ್ನು ಕೃತಿಚೌರ್ಯ ಪತ್ತೆ ತಂತ್ರಾಂಶಕ್ಕೆ ಹಾಕಿದರೆ ಅದು ಜಗತ್ತಿನ ಕನ್ನಡದ ಜೊತೆ ಹೋಲಿಸಿ ನೋಡಿ, ಇಂಥದ್ದನ್ನು ಯಾರೂ ಎಲ್ಲೂ ಬರೆದಿಲ್ಲ ಎಂದು ಸಾಕ್ಷಿ ನುಡಿಯುತ್ತದೆ. ಯುಜಿಸಿಯ 2018ರ ನಿಯಮ ಶೇಕಡಾ 10ರವರೆಗಿನ ಹೋಲಿಕೆಗೆ ದಂಡ ಹಾಕುವುದಿಲ್ಲ. ನಮ್ಮವರಿಗೆ ಆ 10 ಕೂಡ ಬೇಕಾಗಿಲ್ಲ. ಹೈದರಾಲಿ 1779ರಲ್ಲಿ ದುರ್ಗ ಹಿಡಿದದ್ದು ಏಳು ಸುತ್ತು ಇದ್ದಾಗ. ಎಂಟನೆಯದನ್ನು ಕಟ್ಟಿದ್ದು ಡಿಟಿಪಿಯವರು.

ಕೋಟೆ ಎಂದ ಮೇಲೆ ಒಂದು ಕಿಂಡಿ ಇರುತ್ತದೆ. ಯೂನಿಕೋಡ್ ಪರಿವರ್ತಕವೇ ಆ ಕಿಂಡಿ. ಅದರೊಳಗಿಂದ ಅಧ್ಯಾಯಗಳು ಒಂದೊಂದಾಗಿ ನುಸುಳಿ ಬರುತ್ತವೆ. ಹೊರಗೆ ಬರುವಾಗ ಒತ್ತಕ್ಷರ ಮುರಿದಿರುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ವಲಸೆ ಹೋಗಿರುತ್ತದೆ. ಎಐ ಮುಂದೆ ಹಾಕಿದರೆ ಅದು ಮುರಿದದ್ದನ್ನು ತನಗೆ ತೋಚಿದಂತೆ ಜೋಡಿಸಿ ಕೊಡುತ್ತದೆ. ಆಗ ಮತ್ತೆ ಅಂಗಡಿಗೇ ಹೋಗಬೇಕು.

“ಅಣ್ಣಾ, ನಾಳೆನೇ ಸಬ್ಮಿಟ್ ಮಾಡ್ಬೇಕು.”

“ಮೇಡಂ, ಮೂರನೇ ಅಧ್ಯಾಯದಾಗೆ ‘ಶರ್ಮ’ ಇದ್ದಲ್ಲೆಲ್ಲ ‘ಶಮ’ ಆಗೈತೆ. ಮಯೂರ ಶಮ ಅಂತ ಬಿಡ್ಲಾ, ಸರಿ ಮಾಡ್ಲಾ?”

ಇಡೀ ಜಿಲ್ಲೆಯಲ್ಲಿ ಆ ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿರುವುದು ಈ ಅಣ್ಣ ಒಬ್ಬನೇ. ಆದ್ದರಿಂದ ಅವನನ್ನು ಕಾರ್ಯಾಗಾರಕ್ಕೆ ಕರೆಯುವಂತಿಲ್ಲ. ಪಿಎಚ್.ಡಿ. ಇಲ್ಲದವರಿಗೆ ಗೌರವಧನ ಕೊಡಲು ಲೆಕ್ಕಶೀರ್ಷಿಕೆ ಸಿಗುವುದಿಲ್ಲ. ಬ್ಯಾನರ್ ಮುದ್ರಿಸಲು ಮಾತ್ರ ಅವನಿಗೆ ಕೊಡಬಹುದು. ಬ್ಯಾನರಿನಲ್ಲಿ ನಮ್ಮ ಹೆಸರಿನ ಕಾಗುಣಿತ ಅವನೇ ತಿದ್ದುತ್ತಾನೆ.

ಎರಡನೆಯ ತಾಂತ್ರಿಕ ವಿಷಯ ಗ್ರಂಥಋಣ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಕೆರೆ ಶಾಸನವಿದೆ. ಇರುವುದು ಕೆಲವೇ ಸಾಲು. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಓದಿದರು. ಆಮೇಲಿನ ವಿದ್ವಾಂಸರು ಆ ಓದನ್ನು ಒಪ್ಪದೆ ಮತ್ತೆ ಬಂಡೆಯ ಮುಂದೆ ಕೂತರು. ಬಿಸಿಲಿಗೆ ತಲೆಯೊಡ್ಡಿ, ಸವೆದ ಅಕ್ಷರ ‘ತ’ವೋ ‘ನ’ವೋ ಎಂದು ವಾದಿಸುವ ಈ ಅವೈಜ್ಞಾನಿಕ ಪದ್ಧತಿಯಿಂದ ಎಷ್ಟು ಮಾನವದಿನಗಳು ವ್ಯರ್ಥವಾದವು! ಈಗ ಶಿಬಿರಾರ್ಥಿ ಎಐಯನ್ನು ಒಂದು ಪ್ರಶ್ನೆ ಕೇಳಿದರೆ ಸಾಕು, ಲೇಖಕ, ಪ್ರಕಾಶಕ, ಇಸವಿ, ಪುಟಸಂಖ್ಯೆ ಸಮೇತ ಹತ್ತು ಆಕರಗಳು ಬಂದು ಬೀಳುತ್ತವೆ. ಅವುಗಳಲ್ಲಿ ಕೆಲವು ಪುಸ್ತಕಗಳು ಅಸ್ತಿತ್ವದಲ್ಲೇ ಇಲ್ಲ ಎಂಬ ತಕರಾರು ಕೇಳಿಬರುತ್ತದೆ. ಇಲ್ಲದ ಪುಸ್ತಕದಿಂದ ಆಗುವ ತೊಂದರೆಯಾದರೂ ಏನು? ಗ್ರಂಥಾಲಯದಲ್ಲಿ ಹುಡುಕಬೇಕಿಲ್ಲ, ಧೂಳಿಗೆ ಸೀನು ಬರುವುದಿಲ್ಲ, ಉದ್ಧರಣೆ ತಪ್ಪು ಎಂದು ಯಾರೂ ಸಾಧಿಸಲಾರರು. ಮಾರ್ಗದರ್ಶಕರಂತೂ ಅದನ್ನು ತಾವು ಓದಿರುವುದಾಗಿಯೇ ಹೇಳುತ್ತಾರೆ. ಮೌಖಿಕ ಪರೀಕ್ಷೆಗೆ ಬಂದವರು ಅದರ ಎರಡನೇ ಮುದ್ರಣ ನೋಡಿದ್ದೀರಾ ಎಂದು ಕೇಳುವುದೂ ಉಂಟು.

ಸಂಶೋಧನಾ ನೈತಿಕತೆಯ ಬಗ್ಗೆ ಚಿಂತೆ ಬೇಡ. 2019ರಲ್ಲೇ ಯುಜಿಸಿ ಅದಕ್ಕೆ 2 ಕ್ರೆಡಿಟ್ಟಿನ ಕೋರ್ಸ್ ಮಾಡಿದೆ. ಅದರ ಅಸೈನ್‌ಮೆಂಟನ್ನು ಎಐ ಚೆನ್ನಾಗಿ ಬರೆದುಕೊಡುತ್ತದೆ.

ಸ್ಥಳದ ಆಯ್ಕೆ ಬಗ್ಗೆ ಎರಡು ಮಾತು. ಬೆಂಗಳೂರಿನ ತಜ್ಞರು ರೈಲಿನಲ್ಲೇ ಬರುತ್ತೇನೆಂದು ಹಟ ಹಿಡಿದರೆ ಹೊಳಲ್ಕೆರೆ ಒಳ್ಳೆಯದು, ಚಿಕ್ಕಜಾಜೂರು ಜಂಕ್ಷನ್ ಆ ತಾಲ್ಲೂಕಿನಲ್ಲೇ ಇದೆ. ಹೊಸದುರ್ಗದಲ್ಲಾದರೆ ನೆನಪಿನ ಕಾಣಿಕೆಯ ಖರ್ಚು ಉಳಿಯುತ್ತದೆ, ಎರಡು ತೆಂಗಿನಕಾಯಿ ಕೊಟ್ಟರೂ ಗೌರವವೇ. ಹಿರಿಯೂರಿನಲ್ಲಿ ಮಾಡುವುದಕ್ಕೆ ಮಾತ್ರ ಶೈಕ್ಷಣಿಕ ಕಾರಣವಿದೆ. ಇಷ್ಟು ಕಾರ್ಯಾಗಾರ ಮಾಡಿದಿರಲ್ಲ, ಫಲ ಏನು ಬಂತು ಎಂದು ಕೇಳುವ ಸಮಿತಿಯವರನ್ನು ನೇರವಾಗಿ ಮಾರಿಕಣಿವೆಗೆ ಕರೆದೊಯ್ಯಬಹುದು. ಆ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ವೇದಾವತಿ ನದಿಗೆ ಯಾರೂ ಫೀಡ್‌ಬ್ಯಾಕ್ ಫಾರ್ಮ್ ಕೊಡಲಿಲ್ಲ.

ಪ್ರಮಾಣಪತ್ರಗಳನ್ನು ಮೊದಲ ದಿನವೇ ಮುದ್ರಿಸಿಟ್ಟುಕೊಳ್ಳಿ, ಕೊನೆಯ ದಿನದ ಊಟದ ನಂತರವೇ ಹಂಚಿ. ಮೊದಲೇ ಹಂಚಿದರೆ ಸಮಾರೋಪದಲ್ಲಿ ಅಧ್ಯಕ್ಷರು, ಮೈಕ್‌ನವನು ಇಬ್ಬರೇ ಉಳಿಯುತ್ತಾರೆ. ವರದಿಯನ್ನು ಎಐ ಬರೆಯಲಿ. ‘ಶಿಬಿರಾರ್ಥಿಗಳು ಅಪಾರ ಪ್ರಯೋಜನ ಪಡೆದರು’ ಎಂಬ ವಾಕ್ಯವನ್ನು ಹೇಳಿಕೊಡದೆಯೇ ಅದು ಬರೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ತಂತ್ರಜ್ಞಾನ ಇನ್ನೂ ಹಿಂದುಳಿದಿದೆ: ಪ್ರಯಾಣ ಭತ್ಯೆ. ಪ್ರಬಂಧ ಯಾರದ್ದು, ಆಕರ ಇದೆಯೋ ಇಲ್ಲವೋ, ಅಸೈನ್‌ಮೆಂಟ್ ಬರೆದವರು ಯಾರು ಎಂದು ಮೂರು ದಿನವೂ ಯಾರೂ ಕೇಳುವುದಿಲ್ಲ. ನಾಲ್ಕನೇ ದಿನ ಲೆಕ್ಕಪತ್ರ ವಿಭಾಗದ ಗುಮಾಸ್ತರು ಕನ್ನಡಕ ಏರಿಸಿ, ನಾವು ಕೊಟ್ಟ ಬಸ್ ಟಿಕೆಟ್ಟನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

“ಇದು ಜೆರಾಕ್ಸ್ ಸಾರ್. ಒರಿಜಿನಲ್ ತನ್ನಿ.”