ಅಂಚಿಗೆ ನಿಂತವರ ಪಾಡು

ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯ ಬಿ.ಜಿ. ಕೆರೆಯಂಥ ಊರಲ್ಲಿ ಮದುವೆಗೆ ಪುರೋಹಿತರು ತಡವಾಗಿ ಬಂದರೂ ನಡೆಯುತ್ತದೆ. ಸ್ಟುಡಿಯೋ ಅಣ್ಣ ಬರದೆ ತಾಳಿ ಕಟ್ಟುವಂತಿಲ್ಲ. ಅವಸರಕ್ಕೆ ಕಟ್ಟಿಬಿಟ್ಟರೆ, ಬಂದವನೇ ಇನ್ನೊಮ್ಮೆ ಕಟ್ಟಿಸುತ್ತಾನೆ.

ಅವನ ಬಲವೆಲ್ಲ 16 ಎಂಎಂ ವೈಡ್ ಲೆನ್ಸಿನಲ್ಲಿದೆ. ಛತ್ರದಲ್ಲಿ ಹಿಂದಕ್ಕೆ ಸರಿಯಲು ಜಾಗವಿಲ್ಲ, ನೆಂಟರಷ್ಟೂ ಒಂದೇ ಫೋಟೋದಲ್ಲಿ ಬರಬೇಕು. ಆದರೆ ಆ ಲೆನ್ಸು ನಡುವೆ ನಿಂತವರನ್ನು ಇದ್ದ ಹಾಗೇ ಬಿಟ್ಟು, ಅಂಚಿನವರನ್ನು ಅಡ್ಡಡ್ಡ ಎಳೆಯುತ್ತದೆ. ಮೂಲೆಗೆ ಸಿಕ್ಕ ದುಂಡು ತಲೆ ಮಲಗಿಸಿದ ಬೂದುಗುಂಬಳವಾಗುತ್ತದೆ.

ಈ ವಿದ್ಯೆಯಿಂದ ಅವನು ನ್ಯಾಯ ತೀರಿಸುತ್ತಾನೆ. ಅಡ್ವಾನ್ಸಿಗೆ ಚೌಕಾಸಿ ಮಾಡಿದ ಸೋದರಮಾವ ಎಡ ಅಂಚಿಗೆ. 'ನಮ್ಮ ಕಡೆಯೋರ ಫೋಟೋ ಕಮ್ಮಿ ಆತು' ಎಂದ ಬೀಗರು ಬಲ ಅಂಚಿಗೆ. ಆಲ್ಬಂ ಬಂದಾಗ ಮೊಳಕಾಲ್ಮೂರು ರೇಷ್ಮೆಯ ಜರಿ ಅಂಚು ಅಗಲವಾಗಿರುವುದು ಕಂಡು ಬೀಗಿತ್ತಿ ಹಿಗ್ಗುತ್ತಾರೆ. ತೋಳಿನ ಮೇಲೆ ಕಣ್ಣು ಬೀಳುವವರೆಗೆ ಮಾತ್ರ.

ಹೆಣ್ಣಿನ ಮನೆಗೆ ಕಳಿಸುವ ಗಂಡಿನ ಫೋಟೋಗೆ ಬೇರೆ ಶಾಸ್ತ್ರ: 85 ಎಂಎಂ ಲೆನ್ಸು, ಹತ್ತಡಿ ದೂರ. 'ಮೊಬೈಲು ಮುಖಕ್ಕೆ ಹಿಡಿದರೆ ಮೂಗು ಮೊದಲು ಬರುತ್ತೆ, ಕಿವಿ ಆಮೇಲೆ ಬರುತ್ತೆ. ದೂರ ನಿಂತರೆ ಎಲ್ಲಾ ಒಟ್ಟಿಗೆ ಬರುತ್ತವೆ' ಎನ್ನುತ್ತಾನೆ. ಮಾತು ಸುಳ್ಳಲ್ಲ, ಮೂಗು ದಪ್ಪಗಾಣುವುದು ಲೆನ್ಸಿಗಿಂತ ಹೆಚ್ಚಾಗಿ ಹತ್ತಿರದ ತಪ್ಪು.

ಬ್ರಹ್ಮಗಿರಿಗೆ ಅಶೋಕನ ಶಾಸನ ನೋಡಲು ಬಂದ ಕಾಲೇಜು ಹುಡುಗರ ಅಂಗೈ ಮೇಲೆ ಬೆಟ್ಟವನ್ನೇ ಕೂರಿಸುತ್ತಾನೆ. ಹುಡುಗ ಹತ್ತಿರ, ಬೆಟ್ಟ ದೂರ. ಒಂಟಿಗಣ್ಣಿನ ಕ್ಯಾಮೆರಾಕ್ಕೆ ಅಂತರ ತಿಳಿಯದು. 2,200 ವರ್ಷಗಳಿಂದ ಬಂಡೆಯ ಮೇಲಿರುವ ಅಕ್ಷರ ಮಾತ್ರ ಒಂದು ಫೋಟೋದಲ್ಲೂ ಇರುವುದಿಲ್ಲ.

ನಾಯಕನಹಟ್ಟಿ ಜಾತ್ರೆಯಲ್ಲಿ ತೇರಿನ ಬುಡಕ್ಕೇ ಹೋಗಿ ಕ್ಯಾಮೆರಾ ಮೇಲೆತ್ತುತ್ತಾನೆ. ಹಾಗೆ ಎತ್ತಿದರೆ ನೆಟ್ಟಗಿನ ಗೆರೆಗಳು ತುದಿಯಲ್ಲಿ ಒಂದಕ್ಕೊಂದು ಒರಗಿ, ತೇರು ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಫೋಟೋ ವಾಟ್ಸಾಪಿಗೆ ಹೋದದ್ದೇ ತಡ, ಬೆಂಗಳೂರಿನಿಂದ ಫೋನು: 'ತೇರು ವಾಲೈತಂತಲ್ಲಪ್ಪ, ಮಳೆ ಬೆಳೆ ಗತಿ ಏನು?' ಊರ ಹಿರಿಯರು ತರಾಟೆಗೆ ತೆಗೆದುಕೊಂಡರೆ ಅವನ ಬಳಿ ಉತ್ತರ ಸಿದ್ಧ: 'ಹಂಪಿ ವಿರೂಪಾಕ್ಷನ ಗುಡೀಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳಲ್ವಾ ಯಜಮಾನ್ರೇ? ಅಲ್ಲಿ ಗೋಡೆ ತೂತಿಗೆ ಕೈ ಮುಗೀತೀರ, ಇಲ್ಲಿ ನನ್ನ ಲೆನ್ಸಿಗೆ ಬೈತೀರ.'

ಅವನು ಸೋತದ್ದು ಗೋಕಟ್ಟೆಯ ದಡದಲ್ಲಿ. ಒಂದು ಮಳೆಗೆ ಮೊಣಕಾಲುದ್ದ ನೀರೂ ನಿಂತಿರಲಿಲ್ಲ. ಮೆಂಬರೊಬ್ಬರು ಕೇಳಿದರೆಂದು ಇವನು ಬೋರಲು ಮಲಗಿ, ಲೆನ್ಸನ್ನು ನೀರಿಗೆ ತಾಗಿಸಿ ಕ್ಲಿಕ್ಕಿಸಿದ. ಎದುರಿನ ಅಂಗೈಯಗಲ ನೀರು ದಿಗಂತದವರೆಗೆ ಹಬ್ಬಿ, ಫೋಟೋದಲ್ಲಿ ಸಮುದ್ರವೇ ತುಂಬಿತು. ಮಳೆ ಕಡಿಮೆಯ ಸೀಮೆ. ನೀರಿನ ಸುದ್ದಿ ಕಾಲಿಲ್ಲದೆಯೂ ಓಡುತ್ತದೆ. ಮೂರನೇ ದಿನ ದೊಡ್ಡ ಹಿಂಡು ಹೊಡೆದುಕೊಂಡು ಕುರಿಗಾಹಿಗಳು ಬಂದಿಳಿದರು.

'ಎಲ್ಲಣ್ಣ ನೀರು?'

'ನಿಂತು ನೋಡಿದ್ರೆ ಕಾಣಲ್ಲ. ಬಗ್ಗಿ, ನೆಲಕ್ಕೆ ಕೆನ್ನೆ ಇಟ್ಟು ನೋಡ್ರಿ.'

ಹಿರಿಯ ಕುರಿಗಾಹಿ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. 'ನಾವೇನೋ ಬಗ್ಗಿ ನೋಡ್ತೀವಣ್ಣ. ಕುರಿಗೆ ನೀನೇ ಹೇಳು.'