ಮುಂಬಾಗಿಲ ಮತ, ಮೇಲ್ಬಾಗಿಲ ಮತ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಇರುವುದು ಎರಡೇ ಜಾತಿ. ಫ್ರಂಟ್ ಲೋಡಿನವರು, ಟಾಪ್ ಲೋಡಿನವರು. ತೆಂಗಲೆ-ವಡಗಲೆಯವರಾದರೂ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಾರು. ಇವರು ಲಿಫ್ಟಿನಲ್ಲಿ ಎದುರಾದರೂ ಮೊಬೈಲ್ ನೋಡುತ್ತಾರೆ. ಫ್ರಂಟ್ ಲೋಡಿನವರ ಕಣ್ಣಲ್ಲಿ ಟಾಪ್ ಲೋಡಿನವರೆಂದರೆ ಇನ್ನೂ ಊರಿನ ಬಸ್ಸಿಳಿಯದವರು. ಟಾಪ್ ಲೋಡಿನವರ ಕಣ್ಣಲ್ಲಿ ಇವರು ಕಂತು ಕಟ್ಟಿಕೊಂಡು ಮೆರೆಯುವ ಶೋಕಿಲಾಲರು. ಭಾನುವಾರ ಬೆಳಗ್ಗೆ ಕ್ಲಬ್ ಹೌಸಿನಲ್ಲಿ ಕಾಫಿ ಲೋಟ ಹಿಡಿದು ಈ ಧರ್ಮಸೂಕ್ಷ್ಮವನ್ನು ಚರ್ಚಿಸುವ ಹತ್ತು ಹನ್ನೆರಡು ಗಂಡಸರಲ್ಲಿ ನಾನೂ ಒಬ್ಬ. ವಾಷಿಂಗ್ ಮಷೀನಿನ ಆರ್‌ಪಿಎಂ ಎಲ್ಲರಿಗೂ ಬಾಯಿಪಾಠ: ಟಾಪ್ ಲೋಡಿಗೆ 700, ಫ್ರಂಟ್ ಲೋಡಿಗೆ 1,400. ಸೋಪಿನ ಪುಡಿ ಯಾವ ಗೂಡಿಗೆ ಹಾಕಬೇಕು ಎಂದು ಕೇಳಿ ನೋಡಿ, ಎಲ್ಲರ ಕಾಫಿಯೂ ಒಟ್ಟಿಗೇ ಆರಿ ಹೋಗುತ್ತದೆ.

ಹಳೆಯ ಟಾಪ್ ಲೋಡ್ ಮಾರಿ ನಾನು ಮತಾಂತರಗೊಂಡದ್ದು ಕಳೆದ ವರ್ಷ. "ಸರ್, ಇದರಲ್ಲಿ ಎಐ ಇದೆ. ಬಟ್ಟೆ ಎಂಥದ್ದು ಅಂತ ಅದೇ ಕಂಡುಹಿಡಿಯುತ್ತೆ" ಎಂದ ಅಂಗಡಿಯ ಹುಡುಗ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ರೇಷ್ಮೆಗೂ ಆರ್ಟ್ ಸಿಲ್ಕಿಗೂ ವ್ಯತ್ಯಾಸ ತಿಳಿಯದ ನನ್ನನ್ನು ಹೆಂಡತಿ ಒಮ್ಮೆ ನೋಡಿದಳು, ಯಂತ್ರವನ್ನು ಒಮ್ಮೆ ನೋಡಿದಳು. ಅಲ್ಲಿಗೆ ವ್ಯಾಪಾರ ಕುದುರಿತು.

ಮನೆಗೆ ಬಂದದ್ದು ಯಂತ್ರವಲ್ಲ, ಹೊಸ ಅಳಿಯ. ಮೈಗೆ ಬಿಸಿನೀರೇ ಬೇಕು. ಹೊಟ್ಟೆಯಲ್ಲಿ 2,000 ವಾಟಿನ ಹೀಟರ್ ಇರುವುದರಿಂದ ಸಾಧಾರಣ ಪ್ಲಗ್ ಸಾಲದು, ಹದಿನಾರು ಆಂಪಿಯರಿನದು ಬೇಕು. ನಲ್ಲಿ ಸಣ್ಣಗೆ ಬಂದರೆ ಮುನಿಸು. ಟ್ಯಾಂಕಿಗೆ ಹತ್ತಿರದ ಮಹಡಿಯವರಾದ ನಾವು ಅವನಿಗಾಗಿಯೇ ಒಂದು ಪಂಪು ಕೂರಿಸಿದೆವು. ಬೋರ್‌ವೆಲ್ಲಿನ ಗಡಸು ನೀರು ಒಗ್ಗುವುದಿಲ್ಲ, ಹೀಟರಿಗೆ ಸುಣ್ಣ ಕಟ್ಟುತ್ತದೆ, ತಿಂಗಳಿಗೊಮ್ಮೆ ಭೇದಿಗೆ ಕೊಟ್ಟಂತೆ ಪುಡಿ ಕೊಡಬೇಕು. ಸಾದಾ ಸೋಪಿನ ನೊರೆ ಉಬ್ಬಸ ತರುತ್ತದೆ, ಹಾಗಾಗಿ ಬೇರೆಯದೇ ಬಾಟಲಿ. ಸ್ನಾನವಾದ ಮೇಲೆ ಕಿವಿಯ ಹಿಂದೆ ಒರೆಸುವಂತೆ ಬಾಗಿಲಿನ ರಬ್ಬರಿನ ಮಡಿಕೆ ಬಿಡಿಸಿ ಒರೆಸಬೇಕು, ಬಾಯಿ ತೆರೆದೇ ಬಿಡಬೇಕು. ಮರೆತರೆ ಬೂಷ್ಟು, ಒದ್ದೆ ಗೋಣಿಚೀಲದ ವಾಸನೆ.

ಸಾಗಾಟದಲ್ಲಿ ಡ್ರಮ್ ಅಲುಗದಿರಲಿ ಎಂದು ಬೆನ್ನಿಗೆ ಬಿಗಿದ ಬೋಲ್ಟುಗಳನ್ನು ಮೊದಲು ಬಿಚ್ಚಬೇಕಂತೆ. ಕೂರಿಸಲು ಬಂದವನು ಬಿಚ್ಚಿರಲಿಲ್ಲ. ಮೊದಲ ದಿನ ಹಿಂಡುವ ಹೊತ್ತಿಗೆ ಅಳಿಯದೇವರು ಯುಟಿಲಿಟಿಯಿಂದ ಹೊರಟು, ಗಡಗಡ ನಡುಗುತ್ತಾ, ಅಡುಗೆಮನೆಯ ಹೊಸ್ತಿಲವರೆಗೆ ನಡೆದು ಬಂದರು. ಕುಣಿಯದಿರಲಿ ಎಂದೇ ಒಳಗೆ ಕಾಂಕ್ರೀಟಿನ ದಿಮ್ಮಿ ತುಂಬಿಸಿಕೊಂಡು ಅರವತ್ತು ಎಪ್ಪತ್ತು ಕಿಲೋ ತೂಗುವ ಆಸಾಮಿ! ವಂಶದ ಗುಣ, ಏನು ಮಾಡುವುದು? 1937ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿ ಮನೆಗಳಿಗೆ ತಂದ ಸ್ವಯಂಚಾಲಿತ ಮುಂಬಾಗಿಲ ಯಂತ್ರವನ್ನು ನೆಲಕ್ಕೆ ಬೋಲ್ಟು ಹಾಕಿಯೇ ಕೂರಿಸಬೇಕಿತ್ತು.

ಊರಿಂದ ಬಂದ ಅಮ್ಮ ಗಾಜಿನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಒಂದು ಇಡೀ ಸುತ್ತು ಧಾರಾವಾಹಿಯಂತೆ ನೋಡಿದಳು. "ಹಳೇದು ಕಲಸ್ತಿತ್ತು ಕಣೋ, ಇದು ಎತ್ತಿ ಕುಕ್ಕತ್ತೆ" ಎಂದಳು. ಕ್ಲಬ್ ಹೌಸಿನಲ್ಲಿ ಮೂರು ಭಾನುವಾರ ಹೊಡೆದಾಡಿಯೂ ನಾವು ಮುಟ್ಟದ ವಿಷಯ ಇದೇ. ಟಾಪ್ ಲೋಡಿನಲ್ಲಿ ಬಟ್ಟೆ ನೀರಿನಲ್ಲಿ ಮುಳುಗಿರಬೇಕು, ತಳದ ತಟ್ಟೆ ಅದನ್ನು ತಿರುವುತ್ತದೆ. ಫ್ರಂಟ್ ಲೋಡಿನಲ್ಲಿ ಡ್ರಮ್ ಅಡ್ಡ ಮಲಗಿದೆ. ಒಳಗಿನ ಏಣುಗಳು ಬಟ್ಟೆಯನ್ನು ಮೇಲಕ್ಕೆತ್ತಿ ತಳದ ಒಂದಿಷ್ಟು ನೀರಿಗೆ ಬೀಳಿಸುತ್ತವೆ. ಹಿತ್ತಲಿನ ಕಲ್ಲಿನ ಮೇಲೆ ಅಮ್ಮ ಮಾಡುತ್ತಿದ್ದದ್ದೂ ಅದನ್ನೇ. ಅವಳಿಗೆ ಎರಡೂವರೆ ಗಂಟೆ ಹಿಡಿಯುತ್ತಿರಲಿಲ್ಲ, ಅಷ್ಟೆ.

ನೀರು ಉಳಿಯುತ್ತದೆ ಎಂಬುದು ಸುಳ್ಳಲ್ಲ. ಮೇಲ್ಬಾಗಿಲಿನದು ಒಂದು ಒಗೆತಕ್ಕೆ ನೂರು ಲೀಟರ್ ದಾಟಿಸಿದರೆ ಇದಕ್ಕೆ ಅದರರ್ಧ ಸಾಕು. ಸುಮಾರು ನೂರು ಕಿಲೋಮೀಟರ್ ದೂರದಿಂದ, 500 ಮೀಟರ್ ಎತ್ತರಕ್ಕೆ ಕಾವೇರಿಯನ್ನು ಏರಿಸಿ ತರುವ ಬೆಂಗಳೂರಿನಲ್ಲಿ ಇದು ಸಣ್ಣ ಮಾತಲ್ಲ. ಹಾಗೆಂದೇ ನಮ್ಮ ಮೂರನೇ ಮಹಡಿಯ ಮಹನೀಯರು ಉಳಿಸಿದ ಪ್ರತಿ ಲೀಟರಿಗೂ ಲೆಕ್ಕ ಬರೆದಿಟ್ಟು ಎಲ್ಲರಿಗೂ ತೋರಿಸುತ್ತಾರೆ. ಹಾಗೆ ಉಳಿಸಿದ್ದರಲ್ಲಿ ಕಾರು ತೊಳೆಸುತ್ತಾರೆ. 2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದಾಗ ಅವರ ಮನ ಕರಗಿತು. ತೊಳೆಸುವ ಹೊತ್ತನ್ನು ಬೆಳಗಿನ ಐದಕ್ಕೆ ಹಾಕಿಕೊಂಡರು. ಊರಲ್ಲಿ ಅಮ್ಮ ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಬಕೆಟಿನಲ್ಲಿ ಹಿಡಿದು ಬಚ್ಚಲು ತೊಳೆಯುತ್ತಾಳೆ. ಲೆಕ್ಕ ಬರೆಯುವುದಿಲ್ಲ.

ಟಾಪ್ ಲೋಡಿನವರ ಬತ್ತಳಿಕೆಯೂ ಬರಿದಲ್ಲ. ಪಂಜಾಬಿನ ಢಾಬಾಗಳಲ್ಲಿ ಟಾಪ್ ಲೋಡಿನಲ್ಲಿ ಲಸ್ಸಿ ಕಡೆಯುತ್ತಾರೆ, ನಿಮ್ಮದರಲ್ಲಿ ಕಡೆದು ತೋರಿಸಿ ಎನ್ನುತ್ತಾರೆ. ಇದಕ್ಕೆ ನಮ್ಮ ಬಳಿ ಉತ್ತರವಿಲ್ಲ. ಅರ್ಧ ದಾರಿಯಲ್ಲಿ ಮಂಚದ ಕೆಳಗೆ ಒಂದು ಕಾಲುಚೀಲ ಸಿಕ್ಕಿತೆನ್ನಿ, ಅವರು ಮುಚ್ಚಳ ಎತ್ತಿ ಎಸೆಯುತ್ತಾರೆ. ನಮ್ಮದು ಗರ್ಭಗುಡಿ, ಪೂಜೆ ಶುರುವಾದ ಮೇಲೆ ಬಾಗಿಲಿಗೆ ಚಿಲಕ. ನಡುವೆ ಕರೆಂಟು ಹೋದರೆ ಒಳಗಿರುವ ಸ್ಕೂಲ್ ಯೂನಿಫಾರ್ಮಿಗೆ ಗಾಜಿನಾಚೆಯಿಂದ ದರ್ಶನಭಾಗ್ಯ ಮಾತ್ರ.

ಅವರ ಬ್ರಹ್ಮಾಸ್ತ್ರ ಮಾತ್ರ ಬೇರೆ: "ಬಗ್ಗಬೇಕಲ್ಲ ಸ್ವಾಮಿ!" ಟಾಪ್ ಲೋಡಾದರೆ ನಿಂತೇ ಹಾಕಬಹುದು, ನಿಂತೇ ತೆಗೆಯಬಹುದು, ಫ್ರಂಟ್ ಲೋಡಿಗೆ ಬಗ್ಗಲೇಬೇಕು. ಈ ಮಾತು ಬಂದಾಗ ಕ್ಲಬ್ ಹೌಸಿನಲ್ಲಿ ಸೊಂಟ, ಡಿಸ್ಕು, ಫಿಸಿಯೋಥೆರಪಿ ಎಲ್ಲ ಹಾದುಹೋಗುತ್ತವೆ. ಅಲ್ಲಿದ್ದ ಅಷ್ಟೂ ಜನರಲ್ಲಿ ಯಂತ್ರದ ಮುಂದೆ ಒಮ್ಮೆಯಾದರೂ ಬಗ್ಗಿದವನು ಒಬ್ಬನೂ ಇಲ್ಲ. ಎರಡೂ ಮತದಲ್ಲಿ ವಾದ ಹಾಕುವವರೇ, ಬಟ್ಟೆ ಹಾಕುವವರಿಲ್ಲ.

ನಮ್ಮ ಮನೆಯಲ್ಲಿ ಬಗ್ಗುವುದು ಕೆಲಸದಾಕೆ. ಬಗ್ಗಿದವರಿಗೆ ಇನ್ನೊಂದು ಗುದ್ದು ಎಂಬಂತೆ ಬಟ್ಟೆ ಒಳಗೆ ಹೋಗುವ ಮುಂಚೆ ಅಂಗಿಯ ಕಾಲರ್, ತೋಳಿನ ಅಂಚು, ಮಕ್ಕಳ ಕಾಲುಚೀಲ ಎಲ್ಲವನ್ನೂ ಬಚ್ಚಲಲ್ಲಿ ಕೂತು ಬ್ರಷ್ ಹಾಕಿ ಉಜ್ಜುವ ಕೆಲಸವೂ ಆಕೆಯದೇ. ನಲವತ್ತು ಸಾವಿರದ ಯಂತ್ರಕ್ಕೆ ಕೊಳೆ ಬಟ್ಟೆ ಕೊಡುವುದುಂಟೇ?

ಮೊನ್ನೆ ತೀರ್ಪು ಕೇಳೋಣವೆಂದು ಆಕೆಯನ್ನೇ ಕೇಳಿದೆ: "ಯಾವುದಮ್ಮ ವಾಸಿ? ಮುಂದಿಂದ ಹಾಕೋದಾ, ಮೇಲಿಂದ ಹಾಕೋದಾ?"

ಕಾಲರಿನ ಮೇಲಿನ ಬ್ರಷ್ ನಿಲ್ಲಲಿಲ್ಲ. "ಯಾವ್ದಾದ್ರೇನ್ ಸಾರ್, ಒಗೆದೇ ತಾನೆ ಹಾಕೋದು."

"ನಿಮ್ಮ ಮನೇಲಿ ಯಾವುದಿದೆ?"

"ಕಲ್ಲು, ಸಾರ್" ಎಂದಳು. "ಟಾಪ್ ಲೋಡು."